ಹಳದಿ ಚುಕ್ಕೆ ಒರೆಸಿದ ವಾರ

ಬಳ್ಳಾರಿ ಬಿಡುವಾಗ

ವಿದೇಶಕ್ಕೆ ಹೋಗಿ ಬಂದವರೆಲ್ಲ ಅಲ್ಲಿ ಕಂಡದ್ದನ್ನು ಬರೆಯುತ್ತಾರೆ. ಮೂರು ವಾರ ಉತ್ತರ ಐರ್ಲೆಂಡಿನಲ್ಲಿದ್ದ ನಾನು ಕಂಡದ್ದು ಬಹುಪಾಲು ಒಂದು ತಗಡಿನ ಶೆಡ್ಡು, ಅದರೊಳಗೆ ಒಂದು ಹಳದಿ ಮೋಟಾರ್ ಸೈಕಲ್ಲು. ಸಮುದ್ರಕ್ಕೂ ಕರೆದುಕೊಂಡು ಹೋಗಿದ್ದರು. ಮಂಜು ಕವಿದು ಏನೂ ಕಾಣಲಿಲ್ಲ. ಇದೇ ಸಮುದ್ರ ಎಂದು ತಂಗಿ ಹೇಳಿದಳು, ನಂಬಿದೆ.

ನನ್ನ ಹೆಸರು ಈರಣ್ಣ. ಹುಟ್ಟಿದ್ದು ಕುರುಗೋಡು, ಬೈಕ್ ರಿಪೇರಿ ಕಲಿತದ್ದು ಸಿರುಗುಪ್ಪದಲ್ಲಿ ಖಾದರ್ ಉಸ್ತಾದರ ಕೈಕೆಳಗೆ, ಹೊಟ್ಟೆ ಹೊರೆಯುತ್ತಿರುವುದು ಬಳ್ಳಾರಿಯಲ್ಲಿ. ತಂಗಿ ಶೈಲಾ ನರ್ಸ್. ಮದುವೆಯಾಗಿ ಗಂಡನೊಂದಿಗೆ ಅಲ್ಲಿ ಹೋಗಿ ನೆಲೆಸಿದ್ದಾಳೆ. ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ರಾಗ: “ಅಣ್ಣಾ, ಒಮ್ಮೆ ಬಾ. ಪಕ್ಕದ ಮನಿ ಅಂಕಲ್‌ಗೂ ನಿನ್ನಂಗ ಬೈಕಿನ ಹುಚ್ಚೈತಿ. ರೇಸಿಗೆ ಗಾಡಿ ತಯಾರ್ ಮಾಡ್ತಾರ. ನಿನಗ ಹೊತ್ತು ಹೋಗತೈತಿ.” ಹೊತ್ತು ಹೋಗಲಿ ಎಂದು ಅಷ್ಟು ದೂರ ಹೋಗುವವನು ನಾನಲ್ಲ. ಆದರೆ ರೇಸಿನ ಗಾಡಿ ಎಂದ ಮೇಲೆ ಮನಸ್ಸು ತಡೆಯಲಿಲ್ಲ.

ಶೇಂಗಾ ಚಟ್ನಿಪುಡಿ ಕಟ್ಟಿಕೊಂಡೆ. ಒಂದು ಗಂಟು ಜೀನ್ಸ್ ಚಿಂದಿಯನ್ನೂ ಇಟ್ಟುಕೊಂಡೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಕತ್ತರಿಸಿ ಬಿಟ್ಟ ತುಂಡುಗಳನ್ನು ಗ್ಯಾರೇಜಿನವರು ಚೀಲಗಟ್ಟಲೆ ತರುತ್ತೇವೆ. ಎಂಜಿನ್ ಒರೆಸುವುದಕ್ಕೆ ಅದಕ್ಕಿಂತ ಒಳ್ಳೆಯ ಬಟ್ಟೆಯನ್ನು ನಾನು ಕಂಡಿಲ್ಲ. ಉಸ್ತಾದರು ಕೊಟ್ಟಿದ್ದ ಹಳೆಯ ರಿಂಗ್ ಸ್ಪ್ಯಾನರನ್ನು ಮಾತ್ರ ಬುದ್ಧಿಗೇಡಿಯಂತೆ ಕೈಚೀಲದಲ್ಲಿಟ್ಟಿದ್ದೆ. ವಿಮಾನ ಹತ್ತುವ ಮುಂಚೆ ತಪಾಸಣೆಯ ಹುಡುಗಿ ಅದನ್ನು ತೆಗೆದು ಒಂದು ಡಬ್ಬಕ್ಕೆ ಹಾಕಿದಳು. ಆ ಡಬ್ಬದಲ್ಲಿ ಕತ್ತರಿಗಳಿದ್ದವು, ತೆಂಗಿನಕಾಯಿಯೂ ಇತ್ತು. ಇಪ್ಪತ್ತೆಂಟು ವರ್ಷ ನನ್ನ ಕೈಯಲ್ಲಿದ್ದ ಸ್ಪ್ಯಾನರು ಹಾಗೆ ಹೋಯಿತು. ಪ್ರಯಾಣವಿಡೀ ಖಾಲಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಶೆಡ್ಡು

ಪಕ್ಕದ ಮನೆಯವರ ಹೆಸರು ಡೆಸ್. ಎಪ್ಪತ್ತರ ಹತ್ತಿರದ ವಯಸ್ಸು, ಉದ್ದನೆಯ ಆಳು, ಬಲಗೈ ಸ್ವಲ್ಪ ನಡುಗುತ್ತಿತ್ತು. ಅವರಿಗೆ ಎಲ್ಲದಕ್ಕೂ ಒಂದೇ ಮಾತು: ಗ್ರ್ಯಾಂಡ್, ಅಂದರೆ ಚೆನ್ನಾಗಿದೆ. ಚಹಾ ಕುದಿಯಿತು, ಗ್ರ್ಯಾಂಡ್. ಮಳೆ ಬಂತು, ಗ್ರ್ಯಾಂಡ್. ನನ್ನ ಹೆಸರು ಈರಣ್ಣ ಎಂದೆ, ಅದೂ ಗ್ರ್ಯಾಂಡ್. ಆಮೇಲೆ ಮೂರು ವಾರವೂ ನನ್ನನ್ನು ‘ಈರಾ’ ಎಂದೇ ಕರೆದರು. ಅವರ ಉಚ್ಚಾರ ನನಗೆ ಅರ್ಧ ಅರ್ಥವಾಗುತ್ತಿತ್ತು, ನನ್ನ ಇಂಗ್ಲಿಷ್ ಅವರಿಗೆ ಕಾಲುಭಾಗ. ಉಳಿದದ್ದನ್ನು ಸ್ಪ್ಯಾನರು, ಸ್ಕ್ರೂಡ್ರೈವರು ನೋಡಿಕೊಂಡವು.

ಅಲ್ಲಿ ರೇಸಿಗೆ ಬೇರೆ ಮೈದಾನವಿಲ್ಲ. ಜನ ದಿನವೂ ಓಡಾಡುವ ಹಳ್ಳಿಯ ರಸ್ತೆಯನ್ನೇ ಆ ದಿನ ಮುಚ್ಚಿ ಓಡಿಸುತ್ತಾರೆ. ಒಂದು ಬದಿ ಕಲ್ಲಿನ ಗೋಡೆ, ಇನ್ನೊಂದು ಬದಿ ಬೇಲಿ, ನಡುವೆ ಗಾಳಿಯಂತೆ ಬೈಕು. ಸಿರುಗುಪ್ಪದ ಕಡೆ ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಒಣಹಾಕಿರುತ್ತಾರೆ, ನಾವು ಗೊಣಗುತ್ತಾ ಪಕ್ಕದಲ್ಲಿ ಹೋಗುತ್ತೇವೆ. ಅಲ್ಲಿ ವಿದ್ಯುತ್ ಕಂಬಗಳಿಗೆ ಹುಲ್ಲಿನ ಪೆಂಡಿ ಕಟ್ಟಿ, ಬಿದ್ದವನು ಅದಕ್ಕೆ ಬಡಿಯಲಿ ಎಂದು ಬಿಟ್ಟಿದ್ದರು.

ನಮ್ಮ ಗಾಡಿ ಆರುನೂರೈವತ್ತು ಸಿಸಿಯದು, ಎರಡು ಸಿಲಿಂಡರಿನದು. ಮೂಲದಲ್ಲಿ ಆಫೀಸಿಗೆ ಹೋಗಿ ಬರುವ ಸಾಧು ಗಾಡಿ. ಅದರ ದೀಪ, ಕನ್ನಡಿ, ಹಿಂದಿನ ಸೀಟು ಕಿತ್ತು, ಮೈಗೆ ಹಳದಿ ಬಣ್ಣದ ಫೈಬರ್ ಕವಚ ತೊಡಿಸಿ, ರೇಸಿನ ಗಾಡಿ ಮಾಡುತ್ತಾರೆ. ರೇಡಿಯೇಟರಿಗೆ ಬರೀ ನೀರು. ಎಂಜಿನ್ ತಣಿಸಲು ಹಾಕುವ ಕೂಲಂಟ್ ಜಿಡ್ಡು, ರಸ್ತೆಗೆ ಚೆಲ್ಲಿದರೆ ಹಿಂದಿನವನು ಜಾರುತ್ತಾನೆ. ಎಣ್ಣೆ ಇಳಿಸುವ ಬೋಲ್ಟಿನಂಥವುಗಳ ತಲೆಗೆ ಸಣ್ಣ ತೂತು ಕೊರೆದು ತಂತಿ ಕಟ್ಟಬೇಕು, ಅಲುಗಾಡಿದರೂ ಬಿಚ್ಚಿಕೊಳ್ಳಬಾರದು. ಬೋಲ್ಟಿಗೆ ಮೂಗು ಚುಚ್ಚುವ ಆ ಕೆಲಸದಲ್ಲಿ ಮೊದಲ ದಿನವೇ ಮೂರು ಡ್ರಿಲ್ ಬಿಟ್ ಮುರಿದೆ. ಅಂಗಳದಲ್ಲಿ ಒಂದು ಸುತ್ತು ಹೊಡೆಯಲು ಕೊಟ್ಟರು. ಗೇರು ನಮ್ಮದಕ್ಕೆ ತಿರುಗುಮುರುಗು ಎಂದು ಯಾರೂ ಹೇಳಿರಲಿಲ್ಲ. ಮೇಲೆತ್ತಿದರೆ ಇಳಿಯಿತು, ಗಾಡಿ ಮುಗ್ಗರಿಸಿ ನಿಂತು ನಾನು ಗುಲಾಬಿ ಗಿಡದೊಳಗೆ ಹೋದೆ. ಡೆಸ್ ನಗಲಿಲ್ಲ. ನನ್ನನ್ನು ಎತ್ತಿ ನಿಲ್ಲಿಸಿ, ಬಟ್ಟೆಗೆ ಅಂಟಿದ್ದ ಮುಳ್ಳನ್ನು ಒಂದೊಂದಾಗಿ ತೆಗೆದರು.

ಅವರಲ್ಲಿ ನಾನು ಕಲಿತ ಒಂದು ಪದ್ಧತಿಯನ್ನು ಇಲ್ಲೇ ಹೇಳಬೇಕು. ಬೋಲ್ಟನ್ನು ಸರಿಯಾದ ಬಿಗುವಿಗೆ ತಿರುಗಿಸಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹಕ್ಕೆ ಪೇಂಟ್ ಪೆನ್ನಿನಲ್ಲಿ ಒಂದು ಗುರುತು ಎಳೆಯುತ್ತಾರೆ. ಗುರುತು ಮುರಿದು ಕಂಡರೆ ಬೋಲ್ಟು ಸಡಿಲಾಗಿದೆ ಎಂದರ್ಥ. ಡೆಸ್ ಅವರದು ಬಿಳಿ. “ಬಿಗಿದವನು ಯಾರೋ ಅವನ ಬಣ್ಣ,” ಎಂದರು. “ಬಿಳಿ ಅಂದರೆ ನಾನು.” ನಾನು ಸರಿ ಎಂದು ತಲೆಯಾಡಿಸಿದೆ.

ಐದು ನಿಮಿಷದ ಬಿಸಿಲು

ಆ ಊರಿನ ಆಕಾಶ ತೊಳೆಯದ ಅಲ್ಯೂಮಿನಿಯಂ ಪಾತ್ರೆಯ ಬಣ್ಣದ್ದು. ಬಳ್ಳಾರಿಯ ಬಿಸಿಲಿಗೆ ಜೀವಮಾನವಿಡೀ ಶಾಪ ಹಾಕಿದವನು ನಾನು, ಅಲ್ಲಿ ನಾಲ್ಕನೆಯ ದಿನಕ್ಕೇ ಅದನ್ನು ನೆನೆದು ಮಂಕಾದೆ. ಶೈಲಾ ಆಸ್ಪತ್ರೆಗೆ, ಅವಳ ಗಂಡ ಕೆಲಸಕ್ಕೆ ಹೋದರೆ ಮನೆಯಲ್ಲಿ ಗೋಡೆ ಗಡಿಯಾರದ್ದೇ ಮಾತು. ಬೀದಿಯಲ್ಲಿ ಜನ ಎದುರಾದರೆ ಹವಾಮಾನದ ಬಗ್ಗೆ ಎರಡು ಮಾತು ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಯಾಕೆ ಬಂದೆನೋ ಎಂದು ದಿನಕ್ಕೆ ಎರಡು ಸಲವಾದರೂ ಅನ್ನಿಸುತ್ತಿತ್ತು.

ಎರಡನೆಯ ವಾರದ ಸೋಮವಾರ ಎಂಜಿನ್ ಎಣ್ಣೆ ಬದಲಿಸಿದೆವು. ಶನಿವಾರ ರೇಸು. ಹಳೆಯ ಎಣ್ಣೆಯ ಬೋಗುಣಿಯನ್ನು ಹೊರಗೆ ಒಯ್ದು ಇಡುವಾಗ ಮೋಡ ಸರಿದು ಬಿಸಿಲು ಬಿತ್ತು. ಕೈ ತಾನಾಗಿಯೇ ಎಣ್ಣೆಗೆ ಇಳಿಯಿತು. ಖಾದರ್ ಉಸ್ತಾದರು ಮೊದಲ ವಾರವೇ ಕಲಿಸಿದ್ದ ಕೆಲಸ ಅದು: ಎರಡು ಬೆರಳಲ್ಲಿ ಎಣ್ಣೆ ತೆಗೆದುಕೊಂಡು ಅಂಗೈ ಮೇಲೆ ಸವರಿ ಬಿಸಿಲಿಗೆ ಹಿಡಿಯುವುದು. ಹಿಡಿದೆ. ಅಂಗೈ ತುಂಬ ತಾಮ್ರದ ಬಣ್ಣದ ಮಿನುಗು.

ತಿಳಿಯದವರಿಗೆ ಹೇಳುತ್ತೇನೆ. ಎಂಜಿನ್ನಿನ ಒಳಗೆ, ಪಿಸ್ಟನ್ನಿನ ತೋಳು ಗರಗರ ತಿರುಗುವ ಕ್ರ್ಯಾಂಕ್ ದಂಡವನ್ನು ಹಿಡಿಯುವ ಕಡೆ ತೆಳು ಬಿಲ್ಲೆಯಂಥ ಬೇರಿಂಗ್ ಇರುತ್ತದೆ. ಅದರ ಮೇಲ್ಮೈ ಬೆಳ್ಳಿ ಬಣ್ಣ, ಕೆಳಗೆ ತಾಮ್ರ. ಎಣ್ಣೆಯಲ್ಲಿ ತಾಮ್ರ ಕಂಡರೆ ಬೆಳ್ಳಿ ಸವೆದು ಹೋಗಿದೆ ಎಂದು. ಇನ್ನು ಸ್ವಲ್ಪ ಓಡಿದರೆ ಎಂಜಿನ್ ಹಿಡಿದುಕೊಂಡು ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ. ಬಳ್ಳಾರಿಯ ಪೇಟೆಯಲ್ಲಿ ಹಾಗಾದರೆ ಮೊಣಕಾಲು ತರಚುತ್ತದೆ. ಆ ಕಲ್ಲಿನ ಗೋಡೆಗಳ ನಡುವೆ, ಆ ವೇಗದಲ್ಲಿ ಆದರೆ ಸವಾರ ಉಳಿಯುವುದಿಲ್ಲ. ಸವಾರನ ಹೆಸರು ರೋರಿ, ಅದೇ ಊರಿನ ಬಡಗಿ. ಎರಡು ಸಲ ಶೆಡ್ಡಿಗೆ ಬಂದು ನನ್ನ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದಿದ್ದ.

ತಲೆ ಎತ್ತಿದರೆ ಡೆಸ್ ಬಾಗಿಲಲ್ಲಿ ನಿಂತು ನನ್ನ ಅಂಗೈಯನ್ನೇ ನೋಡುತ್ತಿದ್ದರು. ನಾನು ಬಾಯಿ ತೆರೆಯಬೇಕಿತ್ತು. ‘ಎಂಜಿನ್ ಓಪನ್’ ಎನ್ನುವುದಕ್ಕೆ ಬೇಕಾದ ಎರಡು ಪದ ನನ್ನಲ್ಲಿದ್ದವು. ಆದರೆ ಇವರು ನಲವತ್ತು ವರ್ಷ ರೇಸಿನ ಗಾಡಿ ಮಾಡಿದವರು, ನಾನು ಅವರ ಮನೆಗೆ ಬಂದವನು, ಅವರಿಗೆ ತಿಳಿಯದ್ದು ನನಗೇನು ತಿಳಿದೀತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಹೆದರಿದೆ. ಅಷ್ಟರಲ್ಲಿ ಬಿಸಿಲು ಹೋಯಿತು. ಅಂಗೈಯನ್ನು ಚಿಂದಿಗೆ ಒರೆಸಿಕೊಂಡೆ, ಡೆಸ್ ಚಹಾಕ್ಕೆ ನೀರಿಡಲು ಹೋದರು.

ಹಳೆಯ ಆಯಿಲ್ ಫಿಲ್ಟರನ್ನು ಕೊಯ್ದು ಒಳಗೇನಿದೆ ಎಂದು ನೋಡುವುದು ಅಲ್ಲಿಯ ರೂಢಿ. ಡೆಸ್ ಅದನ್ನು ಕೊಯ್ಯದೆ ಹಾಗೇ ಕಸದ ಬುಟ್ಟಿಗೆ ಹಾಕಿದ್ದನ್ನೂ ನಾನು ಗಮನಿಸಿದೆ.

ಒರೆಸಿದ್ದು

ಗುರುವಾರ ಡೆಸ್ ಟೈರು ತರಲು ಹೊರಟರು. ಮರುದಿನ ಗಾಡಿಯನ್ನು ರೇಸಿನವರ ತಪಾಸಣೆಗೆ ಒಯ್ಯಬೇಕು. “ಈರಾ, ಅದನ್ನೊಂದಿಷ್ಟು ಒರೆಸಿಡು,” ಎಂದರು.

ಒರೆಸುವುದರಲ್ಲಿ ಬಳ್ಳಾರಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಅದಿರಿನ ಕೆಂಪು ಧೂಳು ನಮ್ಮಲ್ಲಿ ಬೋಲ್ಟಿನ ಸಂದಿಯನ್ನೂ ಬಿಡುವುದಿಲ್ಲ. ಗಿರಾಕಿಯ ಕೈಗೆ ಕೊಡುವಾಗ ಗಾಡಿ ಫಳಫಳ ಅನ್ನದಿದ್ದರೆ ಕೆಲಸವನ್ನೇ ಮಾಡಿಲ್ಲ ಎನ್ನುತ್ತಾರೆ. ಇನ್ನು ನಮ್ಮ ಪೇಂಟಿನವರು ಟ್ಯಾಂಕಿಗೆ ಬಣ್ಣ ಹೊಡೆದರೆ ಅರ್ಧ ಎಂಜಿನ್ನಿಗೂ ಹನಿ ಹಾರಿರುತ್ತದೆ. ಅದನ್ನು ಪೆಟ್ರೋಲ್ ಬಟ್ಟೆಯಿಂದ ಒಂದೊಂದೇ ಉಜ್ಜಿ ತೆಗೆದು ಕೊಡುವುದು ಗ್ಯಾರೇಜಿನ ಮರ್ಯಾದೆಯ ಪ್ರಶ್ನೆ.

ಕವಚ ಕಳಚಿದೆ. ಎಂಜಿನ್ನಿನ ಬೋಲ್ಟುಗಳ ಮೇಲೆಲ್ಲ ಹಳದಿ ಚುಕ್ಕೆಗಳು. ಕವಚವೂ ಹಳದಿ. ಇಲ್ಲಿಯ ಪೇಂಟಿನವನೂ ನಮ್ಮವನ ತಮ್ಮನೇ ಎಂದು ನಕ್ಕೆ. ಬಿಳಿ ಗುರುತು ಡೆಸ್ ಅವರದು, ಅದನ್ನು ಮುಟ್ಟಲಿಲ್ಲ. ಹಳದಿಯನ್ನು ಮಾತ್ರ ಒಂದೂ ಬಿಡದೆ ಉಜ್ಜಿದೆ. ಒಣಗಿ ಗಟ್ಟಿಯಾಗಿದ್ದವು, ಉಗುರು ಹಾಕಿ ಕೆರೆದೆ. ಬಿಗಿದವನು ಯಾರೋ ಅವನ ಬಣ್ಣ ಎಂದು ಅವರು ಹೇಳಿದ್ದರಲ್ಲ. ಬಿಳಿ ಅವರದಾದರೆ ಹಳದಿ ಯಾರದು ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಕೈ ಕೆಲಸದಲ್ಲಿತ್ತು, ತಲೆ ಬಳ್ಳಾರಿಯಲ್ಲಿತ್ತು.

ಡೆಸ್ ಟೈರುಗಳನ್ನು ಹೊತ್ತು ಒಳಗೆ ಬಂದರು. ಗಾಡಿ ನೋಡಿದರು. ಟೈರುಗಳನ್ನು ಮೆಲ್ಲಗೆ ಕೆಳಗಿಟ್ಟು, ಮಂಡಿಯೂರಿ, ಎಂಜಿನ್ನಿನ ಒಂದು ಬೋಲ್ಟಿನ ಮೇಲೆ ಬೆರಳಿಟ್ಟರು. ಮುಂದಿನದರ ಮೇಲೆ ಇಟ್ಟರು. ಹಾಗೆ ಸಾಲಾಗಿ ಎಲ್ಲವನ್ನೂ ಮುಟ್ಟಿದರು. ಆಮೇಲೆ ಬೆಂಚಿನ ಮೇಲಿದ್ದ ನನ್ನ ಜೀನ್ಸ್ ಚಿಂದಿಯನ್ನು ನೋಡಿದರು, ಅದು ಹಳದಿಯಾಗಿತ್ತು.

“ಗ್ರ್ಯಾಂಡ್,” ಎಂದರು. ಎದ್ದು ಮನೆಯೊಳಗೆ ಹೋದರು. ಚಹಾ ಬರುತ್ತದೆ ಎಂದು ಕಾದೆ. ಕತ್ತಲಾಗುವವರೆಗೂ ಬರಲಿಲ್ಲ.

ಶೈಲಾಳ ಅಡುಗೆಮನೆ

ಶೈಲಾ ಕೆಲಸದಿಂದ ಬಂದವಳು ಅವರ ಮನೆಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದಳು. ಕೋಟನ್ನೂ ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು.

“ಅಣ್ಣಾ, ಆ ಹಳದಿ ಚುಕ್ಕಿ ಬಣ್ಣ ಹಾರಿದ್ದಲ್ಲ. ಅವರ ಮಗ ಕಾನರ್ ಹಾಕಿದ್ದು. ಆ ಎಂಜಿನ್ ಕಟ್ಟಿದಾಂವ ಅವನ.”

“ಮಗ ಎಲ್ಲೈದಾನ?”

“ತೀರಿಕೊಂಡಾನ. ಹೋದ ವರ್ಷ. ರೇಸಿನಾಗ ಅಲ್ಲ, ಅಂವ ಮನಿ ಮ್ಯಾಲಿನ ಹಂಚು ಹಾಕೋ ಕೆಲಸದಾಂವ. ಮಳ್ಯಾಗ ಕಾಲು ಜಾರಿ ಬಿದ್ದ. ನಾನ ಡ್ಯೂಟಿ ಮ್ಯಾಲಿದ್ದೆ ಅವತ್ತು.”

ನಾನು ಅವಳ ಎದುರಿನ ಕುರ್ಚಿ ಎಳೆದು ಕೂತೆ.

“ಎಂಜಿನ್ ಬಿಚ್ಚೋ ಹೊತ್ತು ಎಂದೋ ಆಗೇತಂತ,” ಎಂದಳು. “ಬಿಚ್ಚಿದ್ರ ಅವನ ಗುರ್ತು ಹೋಗತಾವ ಅಂತ ಬಿಚ್ಚಿಲ್ಲ. ಈ ಒಂದು ರೇಸ್ ಅವನ ಕೈಯಾಗಿನ ಎಂಜಿನ್ ಓಡಲಿ, ಆಮೇಲೆ ಎಲ್ಲಾ ಮಾರಿಬಿಡ್ತೀನಿ ಅಂತಿದ್ರು.”

“ನನಗ ಯಾಕ ಮೊದಲ ಹೇಳಲಿಲ್ಲ ನೀನು?”

“ಮಗ ತೀರಿದ್ದು ಹೇಳಿದ್ರ ನೀ ಅಲ್ಲಿ ಕುಂತು ಮುಖ ಸಣ್ಣ ಮಾಡ್ತಿದ್ದಿ. ಅವರಿಗೆ ಬ್ಯಾರೆ ಮಾತಿನ ಮನಶ್ಯಾ ಬೇಕಾಗಿದ್ದ. ಚುಕ್ಕಿ ಸುದ್ದಿ ನನಗೂ ಇವತ್ತ ಗೊತ್ತಾತು.”

ಆ ರಾತ್ರಿ ಅವಳು ಮಾಡಿದ ಜೋಳದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಎಣ್ಣೆಯಲ್ಲಿ ತಾಮ್ರ ಕಂಡ ಸಂಗತಿಯನ್ನು ಅವಳಿಗೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಡೆಸ್ ಅವರ ಕಾಲು ಹಿಡಿದು ತಾಮ್ರ, ಚುಕ್ಕೆ ಎರಡನ್ನೂ ಹೇಳಿಬಿಡಬೇಕೆಂದು ನಿರ್ಧರಿಸಿದೆ.

ಬಿಚ್ಚಿದ್ದು

ಶುಕ್ರವಾರ ನಾನು ಹೋಗುವಷ್ಟರಲ್ಲಿ ಡೆಸ್ ಎಂಜಿನ್ ಇಳಿಸಿ ಬೆಂಚಿನ ಮೇಲೆ ತಲೆಕೆಳಗಾಗಿ ಇಟ್ಟಿದ್ದರು. ಒಬ್ಬರೇ ಹೇಗೆ ಎತ್ತಿದರೋ ತಿಳಿಯದು. ನಾನು ‘ಸಾರಿ’ ಎಂದೆ. ಅವರು ಒಂದು ಸ್ಪ್ಯಾನರನ್ನು ನನ್ನ ಕೈಗಿಟ್ಟರು.

ಮಧ್ಯಾಹ್ನದವರೆಗೆ ಬಿಚ್ಚಿದೆವು. ಅವರ ಕೈ ನಡುಗುವ ಕಡೆ ನಾನು ಹಿಡಿದೆ, ತಿರುಗಿಸಿದ್ದೆಲ್ಲ ಅವರೇ. ಪ್ರತಿ ಬೋಲ್ಟನ್ನು ಬಟ್ಟಲಿಗೆ ಹಾಕುವ ಮುಂಚೆ ಒಮ್ಮೆ ತಿರುಗಿಸಿ ನೋಡುತ್ತಿದ್ದರು, ಎಲ್ಲಾದರೂ ಒಂದು ಹಳದಿ ಉಳಿದಿದೆಯೇ ಎಂದು. ನಾನು ಒಂದನ್ನೂ ಉಳಿಸಿರಲಿಲ್ಲ. ಅಷ್ಟು ಚೊಕ್ಕ ಕೆಲಸ ಮಾಡಿದ್ದಕ್ಕೆ ಜೀವನದಲ್ಲಿ ಮೊದಲ ಸಲ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಬೇರಿಂಗ್ ಹೊರಗೆ ಬಂತು. ಬೆಳ್ಳಿ ಎಂಬುದೇ ಇರಲಿಲ್ಲ, ಪೂರಾ ತಾಮ್ರ, ಒಂದು ಅಂಚು ಹರಿದಿತ್ತು. ಡೆಸ್ ಅದನ್ನು ಅಂಗೈಯಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತರು. ಅಷ್ಟರಲ್ಲಿ ಗಾಡಿ ಒಯ್ಯಲು ರೋರಿ ಬಂದ. ಡೆಸ್ ಅದನ್ನು ಅವನಿಗೆ ಕೊಟ್ಟರು. ಅವನು ಹೆಬ್ಬೆರಳಿನಿಂದ ಸವರಿ ನೋಡಿದ. “ನಾಳೆ ಮೂರನೇ ಸುತ್ತು ದಾಟುತ್ತಿರಲಿಲ್ಲ,” ಎಂದ.

ಆಗ ಡೆಸ್ ನನ್ನ ಕಡೆ ತಿರುಗಿದರು. ನನಗೆ ತಿಳಿಯಲಿ ಎಂದು ಒಂದೊಂದೇ ಪದವನ್ನು ಬಿಡಿಸಿ ಹೇಳಿದರು: “ಸೋಮವಾರ ನೀನು ಎಣ್ಣೆ ನೋಡಿದೆ. ನೀನು ನೋಡಿದ್ದನ್ನು ನಾನು ನೋಡಿದೆ. ನಿನಗೆ ಮಾತು ಇರಲಿಲ್ಲ. ನಾನು ಎಂಜಿನ್ ಬಿಚ್ಚಲಿ ಅಂತ ನೀನು ಆ ಚುಕ್ಕೆಗಳನ್ನು ಒರೆಸಿದೆ.”

ಅವರು ಕೇಳಿದ್ದಲ್ಲ, ಹೇಳಿದ್ದು. ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ನಾನು ತಲೆಯಾಡಿಸಿದೆ. ಬಳ್ಳಾರಿಯವನ ತಲೆಯಾಟ ಹೌದೋ ಅಲ್ಲವೋ ಅವರಿಗೆ ಹೇಗೆ ತಿಳಿಯಬೇಕು ಎಂದು ಆಮೇಲೆ ಸಮಾಧಾನ ಹೇಳಿಕೊಂಡೆ. ಅದು ಹೌದೆಂಬ ತಲೆಯಾಟವೇ ಆಗಿತ್ತು.

ಸಂಜೆ ಶೈಲಾಗೆ ಎಲ್ಲವನ್ನೂ ಒಪ್ಪಿಸಿದೆ. ನೀನಾದರೂ ಹೋಗಿ ಹೇಳು ಎಂದೆ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

“ನಾ ಹೇಳಾಂಗಿಲ್ಲ. ಮಗನ ಗುರ್ತು ಒಂದು ಜೀವ ಉಳಿಸಾಕ ಹೋದ್ವು ಅಂತ ಇವತ್ತು ಅವರಿಗೆ ಒಂದೀಟು ಸಮಾಧಾನ ಆಗೇತಿ. ಸುಮ್ಮನ ಹೋದ್ವು ಅಂತ ಹೆಂಗ ಹೇಳ್ಲಿ?” ಎಂದಳು. ಸ್ವಲ್ಪ ತಡೆದು, “ನಿನಗ ಹೊರಾಕ ಆಗದಿದ್ರ ನೀನ ಹೋಗಿ ಹೇಳು,” ಎಂದಳು. ನಾನು ಹೋಗಲಿಲ್ಲ.

ಗೋಡೆಯ ಪಕ್ಕ

ಶನಿವಾರ ಗಾಡಿಯಿಲ್ಲದೆ ರೇಸಿಗೆ ಹೋದೆವು. ಹನಿ ಮಳೆ. ಹೊಲದ ಅಂಚಿನ ಕಲ್ಲುಗೋಡೆಯ ಹಿಂದೆ ಜನ ಮಡಿಸುವ ಕುರ್ಚಿ ಹಾಕಿಕೊಂಡು, ಮಂಡಿಯ ಮೇಲೆ ಕಂಬಳಿ ಹೊದ್ದು, ಫ್ಲಾಸ್ಕಿನಿಂದ ಚಹಾ ಕುಡಿಯುತ್ತಿದ್ದರು. ಕೂಗಾಟವಿಲ್ಲ, ಸೀಟಿ ಇಲ್ಲ. ನಮ್ಮ ಕಡೆ ಕುಸ್ತಿಗೆ ಸೇರುವ ಜನ ನೆನಪಾದರು. ಗೆದ್ದವನಿಗಿಂತ ನೋಡುವವರಿಗೇ ಹೆಚ್ಚು ದಣಿವು.

ನಮ್ಮ ಗಾಡಿ ಓಡಬೇಕಿದ್ದ ಗುಂಪಿನ ಬೈಕುಗಳು ಬಂದವು. ಎರಡೇ ಸಿಲಿಂಡರಿನ ಆ ಒರಟು ದನಿ ಗೋಡೆಯಿಂದ ಗೋಡೆಗೆ ಬಡಿದು ಎದೆಯೊಳಗೆ ಇಳಿಯಿತು. ಮೂರನೇ ಸುತ್ತು ಬಂದಾಗ ನಾನು ರಸ್ತೆ ನೋಡಲಿಲ್ಲ. ರೋರಿ ನನ್ನ ಪಕ್ಕದಲ್ಲೇ ನಿಂತು ಕಾಗದದ ಪೊಟ್ಟಣದಿಂದ ಬಿಸಿ ಆಲೂಗಡ್ಡೆ ಚಿಪ್ಸ್ ತಿನ್ನುತ್ತಿದ್ದ, ಬೆರಳಿಗೆ ಅಂಟಿದ ಉಪ್ಪು ನೆಕ್ಕುತ್ತಿದ್ದ. ಡೆಸ್ ಕೂಡ ರೇಸು ನೋಡುತ್ತಿರಲಿಲ್ಲ. ಅವನು ತಿನ್ನುವುದನ್ನು ನೋಡುತ್ತಿದ್ದರು.

ಸಿರುಗುಪ್ಪ, ಬಳ್ಳಾರಿ

ಊರಿಗೆ ಬಂದು ಮೊದಲು ಸಿರುಗುಪ್ಪಕ್ಕೆ ಹೋದೆ. ಖಾದರ್ ಉಸ್ತಾದರಿಗೆ ಈಗ ಕಣ್ಣು ಮಂಜು, ಮನೆಯ ಮುಂದೆ ಮಂಚ ಹಾಕಿಕೊಂಡು ಕೂತಿರುತ್ತಾರೆ. ಸ್ಪ್ಯಾನರು ಕಳೆದದ್ದನ್ನು ಹೇಳಿದೆ, ಬಯ್ಯಲಿಲ್ಲ. ಎಣ್ಣೆಯ ಸಂಗತಿ ಹೇಳಿದೆ. ಚುಕ್ಕೆ, ಬೇರಿಂಗು, ತಲೆಯಾಟ, ಎಲ್ಲವನ್ನೂ ಹೇಳಿದೆ. ಅವರು ಪೂರಾ ಕೇಳಿದರು.

“ಸೋಮಾರ ನೋಡಿದಿ ಅಂದಿ?”

“ಹೌದ್ರಿ ಉಸ್ತಾದ್.”

“ಗುರುವಾರ ತನಕ ಏನ್ ಮಾಡಿದಿ, ಬೇಟಾ?”

ಒಳಗಿನಿಂದ ಚಹಾ ಬಂತು, ಕುಡಿದು ಬಸ್ಸು ಹತ್ತಿದೆ.

ಗ್ಯಾರೇಜಿನ ಎದುರಿನ ಮೆಡಿಕಲ್ ಶಾಪಿನವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ನನಗೆ ಗೊತ್ತಿರಲಿಲ್ಲ, ನೋಡಿಯೂ ಹೇಳಲಿಲ್ಲ, ಕ್ಷಮಿಸಿ ಎಂಬುದನ್ನು ಅವರಿಂದ ಚೀಟಿಯ ಮೇಲೆ ಬರೆಸಿಕೊಂಡು ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ದಿನಾ ಬೆಳಿಗ್ಗೆ ಶಟರ್ ಎತ್ತುವ ಮುಂಚೆ ಒಮ್ಮೆ ಓದಿಕೊಳ್ಳುತ್ತಿದ್ದೆ. ಬಾಯಿಪಾಠವಾಯಿತು.

ಹೋದ ಭಾನುವಾರ ಶೈಲಾ ವಿಡಿಯೋ ಕಾಲ್ ಮಾಡಿ, “ಡೆಸ್ ಅಂಕಲ್ ಮಾತಾಡ್ತಾರಂತ, ತಡಿ,” ಎಂದು ಫೋನನ್ನು ಶೆಡ್ಡಿಗೆ ಒಯ್ದಳು. ಗಾಡಿ ಮಾರಿದ್ದರು, ಶೆಡ್ಡು ಬಣಬಣ ಅನ್ನುತ್ತಿತ್ತು. ಎಂಜಿನ್ ಮಾತ್ರ ಮಾರಿರಲಿಲ್ಲ; ಹೊಸ ಬೇರಿಂಗ್ ಹಾಕಿ ಬೆಂಚಿನ ಮೇಲಿಟ್ಟಿದ್ದರು. ಬೋಲ್ಟುಗಳ ಮೇಲೆಲ್ಲ ಬಿಳಿ ಗುರುತು. ಬೀದಿಯ ಜನಕ್ಕೆಲ್ಲ ನನ್ನ ಕಥೆಯನ್ನು ಹೇಳಿದ್ದಾರಂತೆ, ರೋರಿಯ ಹೆಂಡತಿ ನಾನು ಹೇಗಿದ್ದೇನೆ ಎಂದು ವಿಚಾರಿಸಿದಳಂತೆ.

ನಾನು ಜೇಬಿಗೆ ಕೈ ಹಾಕಿದೆ. ಡೆಸ್ ಅಷ್ಟರಲ್ಲಿ ಫೋನನ್ನು ಗೋಡೆಯ ಕಡೆ ತಿರುಗಿಸಿದರು. ಅಲ್ಲಿ ಕಾನರ್‌ನ ಫೋಟೋ ಇತ್ತು. ಅದರ ಕೆಳಗೆ, ಗಾಜಿನ ಚೌಕಟ್ಟಿನೊಳಗೆ, ಅಂಗೈಯಗಲದ ಒಂದು ನೀಲಿ ಬಟ್ಟೆ. ಹಳದಿ ಬಣ್ಣವೆಲ್ಲ ಅದಕ್ಕೇ ಅಂಟಿಕೊಂಡಿತ್ತು.

“ಎಲ್ಲವೂ ಇದರಲ್ಲೇ ಇವೆ, ಈರಾ,” ಎಂದರು. “ಯಾವ ಊರಿನ ಬಟ್ಟೆ ಅಂದೆ ಇದು?”

“ಬಳ್ಳಾರಿ,” ಎಂದೆ.

ಗ್ರ್ಯಾಂಡ್ ಎಂದರು. ಚೀಟಿ ಇನ್ನೂ ಜೇಬಿನಲ್ಲೇ ಇದೆ. ಅದರಲ್ಲಿ ಬರೆದಿರುವುದನ್ನು ಅವರಿಗೆ ಹೇಳುವ ಧೈರ್ಯವಾಗದೆ ಇಲ್ಲಿ ನಿಮಗೆ ಹೇಳುತ್ತಿದ್ದೇನೆ.